ಅಜ್ಜನ ಕರ್ಣ ಮತ್ತು ಟೇಪಿನ ಟೆನ್ಷನ್

ಟೆನ್ಷನ್ ಅಳೆಯುವ ಮೀಟರ್ ಬೇಕು ಅಂದರೆ ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೆ, ಕಳಸದ ಹತ್ತಿರ ನಮ್ಮ ಮನೆಯ ಅಟ್ಟದಿಂದ ಅಜ್ಜನ ತಾಳಮದ್ದಳೆಯ ಸ್ಪೂಲ್ ಇಳಿಸಿ ದೊಡ್ಡಪ್ಪನ ಹಳೇ ರೆಕಾರ್ಡರಿಗೆ ಹಾಕುವ ತನಕ. ಮುಕ್ಕಾಲು ಪಾಲು ಚೆನ್ನಾಗಿಯೇ ಓಡಿತು. ಹೊರಗೆ ಮಳೆ, ಒಳಗೆ ಕರ್ಣನಾಗಿ ಅಜ್ಜ. ಕೊನೆಗೆ ಬರುವಾಗ ಟಪ್ ಅಂತ ಟೇಪು ತುಂಡಾಯಿತು. ಅಜ್ಜನ ದನಿ ಇರುವುದು ಎರಡೇ ಸ್ಪೂಲಿನಲ್ಲಿ. ಎರಡನೆಯದನ್ನು ಹಾಕಲು ಧೈರ್ಯ ಬರಲಿಲ್ಲ.

ಈ ಟೇಪಿನ ಕತೆಯನ್ನು ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಆ ನಿಲಯದಿಂದಲೇ. ಅದಕ್ಕೆ ಒಂದು ತಿಂಗಳು ಮೊದಲಷ್ಟೇ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಎಇಜಿ ಕಂಪನಿ 'ಮ್ಯಾಗ್ನೆಟೋಫೋನ್' ಎಂಬ ಟೇಪ್ ರೆಕಾರ್ಡರನ್ನು ಜನರ ಮುಂದೆ ಇಟ್ಟಿತ್ತು. ದನಿಯನ್ನು ಕಳಿಸುವ ವಿದ್ಯೆ ನಮ್ಮಲ್ಲಿ, ಹಿಡಿದಿಡುವ ವಿದ್ಯೆ ಅಲ್ಲಿ... ಎರಡೂ ಒಂದೇ ವರ್ಷ!

ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಯಂತ್ರ ಅಮೆರಿಕಕ್ಕೆ ಹೋಯಿತು. 1948ರಲ್ಲಿ ಆಂಪೆಕ್ಸ್ ಕಂಪನಿಯ ರೆಕಾರ್ಡರ್ ಬಂತು. ಮನೆಯಲ್ಲಿ ಇಟ್ಟುಕೊಳ್ಳುವಂಥವೂ ಬಂದವು. ಇತ್ತ ಮೈಸೂರಿನ ನಿಲಯ 1955ರಲ್ಲಿ ಬೆಂಗಳೂರಿಗೆ ಹೋಯಿತು, 1965ರಲ್ಲಿ ಭದ್ರಾವತಿ ನಿಲಯ ಶುರುವಾಯಿತು. ದೊಡ್ಡಪ್ಪ ಯಾರಿಂದಲೋ ಸೆಕೆಂಡ್ ಹ್ಯಾಂಡ್ ರೆಕಾರ್ಡರ್ ತಂದಿದ್ದು ಆ ಕಾಲದಲ್ಲಿ. 1963ರಲ್ಲಿ ಬರ್ಲಿನ್ನಿನ ಅದೇ ಪ್ರದರ್ಶನದಲ್ಲಿ ಫಿಲಿಪ್ಸ್ ಕ್ಯಾಸೆಟ್ ತೋರಿಸಿ ಆಗಿತ್ತು. ನಿಧಾನಕ್ಕೆ ಸ್ಪೂಲುಗಳೆಲ್ಲ ಅಟ್ಟ ಸೇರಿದವು.

ಇರಲಿ, ಟೇಪು ತುಂಡಾದದ್ದೇಕೆ? ಮೂಡಿಗೆರೆಯಲ್ಲಿ ಹಳೇ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. "ಮೀಟರ್ ತಗೊಳ್ಳೋದು ಆಮೇಲೆ ಮಾರಾಯ್ರೆ, ಆಗ ನಿಮ್ಮನೇಲಿ ಕರೆಂಟು ಎಷ್ಟು ಬರ್ತಿತ್ತು ಹೇಳಿ" ಅಂದರು. ನನಗೆ ಅರ್ಥವಾಗಲಿಲ್ಲ. ಕೂರಿಸಿ ವಿವರಿಸಿದರು.

ಟೇಪು ಓಡುವಾಗ ಎಡಗಡೆಯ ಸ್ಪೂಲನ್ನು ಅದರ ಮೋಟಾರು ಮೆಲ್ಲಗೆ ಹಿಂದಕ್ಕೆ ಎಳೆಯುತ್ತಿರುತ್ತದೆ. ಈ ಎಳೆತ ಕಮ್ಮಿಯಾದರೆ ಟೇಪು ಹೆಡ್ಡಿಗೆ ಸರಿಯಾಗಿ ತಾಗುವುದಿಲ್ಲ. ತಾಳದ ಕಿಣಿಕಿಣಿ ಮಾಯವಾಗುತ್ತದೆ. ಜಾಸ್ತಿಯಾದರೆ ಹೆಡ್ಡು ಸವೆಯುತ್ತದೆ, ಟೇಪಿಗೂ ಅಪಾಯ. ಮೋಟಾರಿನ ತಿರುಚುಬಲ 300 ಗ್ರಾಂ-ಸೆಂಟಿಮೀಟರ್ ಅನ್ನಿ. ಏಳು ಇಂಚಿನ ಸ್ಪೂಲ್ ತುಂಬಿದ್ದಾಗ ತ್ರಿಜ್ಯ ಸುಮಾರು 8.5 ಸೆಂ.ಮೀ., ಎಳೆತ 35 ಗ್ರಾಂ. ಖಾಲಿಯಾಗುತ್ತ ತ್ರಿಜ್ಯ 3 ಸೆಂ.ಮೀ.ಗೆ ಇಳಿದಾಗ 100 ಗ್ರಾಂ! ಟೇಪು ಕೊನೆಯಲ್ಲೇ ತುಂಡಾದದ್ದು ಸುಮ್ಮನಲ್ಲ.

ಕರೆಂಟಿನ ವಿಷಯ ಇನ್ನೂ ಸ್ವಾರಸ್ಯ. ನಮ್ಮದು ಮೂರು ಮೋಟಾರಿನ ಯಂತ್ರ. ಇಂಥ ಎ.ಸಿ. ಮೋಟಾರಿನ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ. 230 ಇರಬೇಕಾದಲ್ಲಿ 180 ಬಂದರೆ ಬಲ ಶೇಕಡಾ 61ಕ್ಕೆ ಇಳಿಯುತ್ತದೆ. ಆ ಮಿಣಿಮಿಣಿ ಬಲ್ಬಿನ ಕಾಲದಲ್ಲಿ ಯಾರೋ ಎಳೆತ ಸಾಲದೆಂದು ಬಿಗಿ ಮಾಡಿದ್ದರು. ಈಗ ಸ್ಟೆಬಿಲೈಸರಿನಿಂದ ಪೂರ್ತಿ 230 ಕೊಟ್ಟಿದ್ದು ನಾನು. ಆ 100 ಗ್ರಾಂ 160 ದಾಟಿತ್ತು. ಅಂದರೆ ಹಳೆಯ ಕರೆಂಟಿನ ಇತಿಹಾಸ ಯಂತ್ರದ ಹೊಟ್ಟೆಯಲ್ಲೇ ಕೂತಿತ್ತು!

ಹಾಗಾದರೆ ಯಾವ ಗೇಜ್? ಹಿಂದಿನವರ ಉಪಾಯ ನೂಲು ಮತ್ತು ಸಣ್ಣ ಸ್ಪ್ರಿಂಗ್ ತಕ್ಕಡಿ. ಖಾಲಿ ಸ್ಪೂಲಿಗೆ ನೂಲು ಸುತ್ತಿ ಎಳೆದು, ಬಂದ ತೂಕವನ್ನು ತ್ರಿಜ್ಯದಿಂದ ಗುಣಿಸಿದರೆ ಮೋಟಾರಿನ ಬಲ ಸಿಕ್ಕಿತು. ಅಗ್ಗ, ನಂಬಬಹುದು. ಆದರೆ ಟೇಪು ಓಡುವಾಗ ಹೆಡ್ಡಿನ ಬಳಿ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ. ಅದಕ್ಕೆ ಬಂದದ್ದು ಟೆಂಟೆಲೋಮೀಟರ್ ತರಹದ ಮೂರು ಕಡ್ಡಿಯ ಗೇಜ್. ಓಡುವ ಟೇಪನ್ನು ಕಡ್ಡಿಗಳ ನಡುವೆ ಹಾಯಿಸಿದರೆ ಮುಳ್ಳು ಎಳೆತ ತೋರಿಸುತ್ತದೆ.

ಕೊಳ್ಳುವಾಗ ಮೂರು ವಿಷಯ ನೋಡಿ. ನಿಮಗೆ ಬೇಕಾದ ಅಂಕಿ ಡಯಲಿನ ನಡುಭಾಗದಲ್ಲಿರಬೇಕು. ವಿಡಿಯೋ ಟೇಪಿಗೋ ಅಗಲದ ಟೇಪಿಗೋ ಮಾಡಿದ ಗೇಜ್ ಕಾಲಿಂಚಿನ ಟೇಪಿಗೆ ಸರಿಬಾರದಿರಬಹುದು. ಕಡ್ಡಿಗಳು ಬಾಗಿರಬಾರದು, ಅಯಸ್ಕಾಂತ ಹಿಡಿದಿರಬಾರದು. ಎಲ್ಲಕ್ಕಿಂತ ಮುಖ್ಯ, ನೀವೇ ತಾಳೆ ನೋಡಬೇಕು: ಅದೇ ದಪ್ಪದ, ಬೇಡದ ಟೇಪಿನ ತುಂಡಿಗೆ 50 ಗ್ರಾಂ ತೂಕ ಕಟ್ಟಿ ಗೇಜಿನ ಮೂಲಕ ಇಳಿಬಿಡಿ, 50 ತೋರಿಸುತ್ತದೋ ನೋಡಿ. ನಮ್ಮ ಮಳೆಯ ಊರಲ್ಲಿ ಸ್ಪ್ರಿಂಗಿಗೆ ತುಕ್ಕು ಹಿಡಿಯಲು ಒಂದೇ ಮಳೆಗಾಲ ಸಾಕು. ತಾಳೆ ನೋಡದ ದುಬಾರಿ ಗೇಜಿಗಿಂತ ತಾಳೆ ನೋಡಿದ ನೂಲು-ತಕ್ಕಡಿಯೇ ಮೇಲು.

ನಾನು ಹಳೆಯದೊಂದು ಮೂರು ಕಡ್ಡಿಯ ಗೇಜ್ ಕೊಂಡೆ, ನೂಲನ್ನೂ ಬಿಡಲಿಲ್ಲ. ಸರ್ವಿಸ್ ಮ್ಯಾನುಯೆಲ್ ಹೇಳಿದ ಅಂಕಿಗೆ ಎಳೆತ ಇಳಿಸಿದೆವು. ಸ್ಪೂಲನ್ನು ಬೆಳಕಿಗೆ ಹಿಡಿದಾಗ ಬೆಳಕು ಹಾದು ಬಂತು, ಅಂದರೆ ಅಸಿಟೇಟ್ ಟೇಪು. ಅದೃಷ್ಟ! ಹಳೆಯ ಅಸಿಟೇಟ್ ಪೆಡಸಾಗಿ ಬೇಗ ತುಂಡಾಗುತ್ತದೆ, ಆದರೆ ಹಿಗ್ಗುವುದಿಲ್ಲ, ಅಂಟಿಸಿದರಾಯಿತು. ಪಾಲಿಯೆಸ್ಟರ್ ತುಂಡಾಗುವ ಮೊದಲು ಹಿಗ್ಗುತ್ತದೆ, ಹಿಗ್ಗಿದ ಸ್ವರ ಮತ್ತೆ ಬಾರದು.

ಅಂಟಿಸಿದ ಕಡೆ ಕರ್ಣನ ಒಂದಕ್ಷರವೂ ಹೋಗಲಿಲ್ಲ. ಎರಡನೇ ಸ್ಪೂಲ್ ಹಾಕಿದೆವು. ಕೊನೆಯ ಹತ್ತು ನಿಮಿಷ ನಾನು ಅಜ್ಜನನ್ನು ಕೇಳಲಿಲ್ಲ, ಮುಳ್ಳನ್ನೇ ನೋಡುತ್ತಿದ್ದೆ. ಮಂಗಳ ಹಾಡಿ ಮುಗಿಯಿತು. ಆಮೇಲೆ ಯಾರೋ ಹೆಂಗಸಿನ ದನಿ: "ಕಾಫಿ ಆಗಿದೆ, ಎಲ್ಲ ಏಳಿ." ಅದು ಅಜ್ಜಿ. ಅಜ್ಜಿಯ ದನಿ ಟೇಪಿನಲ್ಲಿದೆ ಅಂತ ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ನಿಮ್ಮ ಅಟ್ಟದಲ್ಲೂ ಸ್ಪೂಲ್ ಇದ್ದರೆ ಕುತೂಹಲಕ್ಕೆ ಅಂತ ಹಾಕಿಬಿಡಬೇಡಿ. ಮೊದಲು ಎಳೆತ ಅಳೆಯಿರಿ.