ಬೆಜವಾಡದ ಪಂಚಮ ಮಹಾಜನ ಸಭೆ: ಶಾಲೆಯಿಂದ ವೇದಿಕೆಯವರೆಗೆ

1917ರ ನವೆಂಬರ್ 4ರಿಂದ 6ರವರೆಗೆ, ಇಂದು ವಿಜಯವಾಡ ಎಂದು ಕರೆಯಲಾಗುವ ಅಂದಿನ ಬೆಜವಾಡದಲ್ಲಿ, ಮದ್ರಾಸ್ ಪ್ರಾಂತದ ತೆಲುಗು ಜಿಲ್ಲೆಗಳ ಅಸ್ಪೃಶ್ಯ ಸಮುದಾಯಗಳು ತಮ್ಮ ಮೊದಲ ಪ್ರಾಂತೀಯ ಸಭೆಯನ್ನು ನಡೆಸಿದವು. ಪಂಚಮ ಮಹಾಜನ ಸಭೆ ಎಂಬ ಹೆಸರಿನಲ್ಲಿ ಕರೆದ ಆ ಸಭೆ ಮುಗಿಯುವ ಹೊತ್ತಿಗೆ ಆ ಹೆಸರನ್ನೇ ಬಿಟ್ಟುಕೊಟ್ಟಿತ್ತು; ನಾಲ್ಕು ವರ್ಣಗಳ ಹೊರಗಿನವರು, ಅಂದರೆ ಐದನೆಯವರು ಎಂಬ ಅರ್ಥದ ‘ಪಂಚಮ’ವನ್ನು ನಿರಾಕರಿಸಿ, ಆಂಧ್ರ ನೆಲದ ಮೂಲ ನಿವಾಸಿಗಳೆಂಬ ಅರ್ಥದಲ್ಲಿ ‘ಆದಿ ಆಂಧ್ರ’ ಎಂದು ತಮ್ಮನ್ನು ಕರೆದುಕೊಂಡ ಪ್ರತಿನಿಧಿಗಳು, ಅದಕ್ಕಿಂತ ಮುಂಚಿನ ನೂರು ವರ್ಷಗಳಲ್ಲಿ ತೆಲುಗು ತೀರದಲ್ಲಿ ಬೇರೆ ಬೇರೆ ಧರ್ಮಶ್ರದ್ಧೆಗಳ ಹೆಸರಿನಲ್ಲಿ ನಡೆದಿದ್ದ ಶಿಕ್ಷಣದ ಕೆಲಸದ ಫಲವನ್ನು ತಮ್ಮದೇ ಕೈಗೆ ತೆಗೆದುಕೊಂಡಿದ್ದರು. ಈ ಬದಲಾವಣೆಯ ಮಹತ್ವ ತಿಳಿಯಬೇಕಾದರೆ ಕೃಷ್ಣಾ ನದಿಯ ಮುಖಜಭೂಮಿಯ ಹಿಂದಿನ ಸ್ಥಿತಿಯಿಂದಲೇ ಆರಂಭಿಸಬೇಕಾಗುತ್ತದೆ.

ಬೆಜವಾಡದಲ್ಲಿ ಕೃಷ್ಣೆಗೆ ಅಡ್ಡಲಾಗಿ 1850ರ ದಶಕದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಕಾಲುವೆಗಳ ನೀರು ಹರಿದು, ಬರಕ್ಕೆ ತುತ್ತಾಗುತ್ತಿದ್ದ ಸೀಮೆ ಭತ್ತದ ಕಣಜವಾಯಿತು. ಆದರೆ ಆ ಗದ್ದೆಗಳಲ್ಲಿ ನಾಟಿ ಮಾಡಿ ಕೊಯ್ಲು ಮಾಡುತ್ತಿದ್ದವರಲ್ಲಿ ಬಹುಪಾಲು ಜನರಿಗೆ ನೆಲದ ಒಡೆತನ ಇರಲಿಲ್ಲ. ಕನ್ನಡ ನಾಡಿನ ಬಲಗೈ ಮತ್ತು ಎಡಗೈ ಸಮುದಾಯಗಳಿಗೆ ಹೋಲಿಸಬಹುದಾದ ಮಾಲರು ಮತ್ತು ಮಾದಿಗರು ಅಲ್ಲಿನ ಕೂಲಿಯ ಬೆನ್ನೆಲುಬಾಗಿದ್ದರು. ಮಾಲರಲ್ಲಿ ಒರಟು ಬಟ್ಟೆ ನೇಯುವವರೂ ಇದ್ದರೆ, ಮಾದಿಗರು ತೊಗಲು ಹದ ಮಾಡಿ, ಏತದ ಕಪಿಲೆಗೂ ಕಾಲಿನ ಚಪ್ಪಲಿಗೂ ಬೇಕಾದುದನ್ನು ಒದಗಿಸುತ್ತಿದ್ದರು. ವರ್ಷದ ಕರಾರಿನ ಮೇಲೆ ರೈತನ ಮನೆಯಲ್ಲಿ ದುಡಿಯುವ ಆಳನ್ನು ಅಲ್ಲಿ ‘ಪಾಲೇರು’ ಎನ್ನುತ್ತಿದ್ದರು. ಸಾಲ ತೀರದೆ ಆ ಕರಾರು ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತಿತ್ತು.

ಈ ಜನರಲ್ಲಿ ಧರ್ಮಜಿಜ್ಞಾಸೆಯನ್ನು ಹೊರಗಿನಿಂದ ಬಂದವರು ಬಿತ್ತಿದರು ಎಂದು ಭಾವಿಸುವುದು ತಪ್ಪು. ಮಾಲದಾಸರಿಗಳು ತಮ್ಮ ಕೇರಿಗಳಲ್ಲಿ ವಿಷ್ಣುಭಕ್ತಿಯ ಹಾಡುಗಳನ್ನು ಹಾಡುತ್ತಿದ್ದರು; ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿಗಳ ಪರಂಪರೆ ಮಾದಿಗ ಶಿಷ್ಯನಾದ ಕಕ್ಕಯ್ಯನನ್ನು ಗೌರವದಿಂದ ನೆನೆಯುತ್ತಿತ್ತು; ವಿಗ್ರಹಾರಾಧನೆಯನ್ನು ಒಪ್ಪದ ಯೋಗಗುರುಗಳು ಕೇರಿಗಳಲ್ಲೇ ಶಿಷ್ಯರನ್ನು ಪಡೆದಿದ್ದರು. ಮಿಷನರಿಗಳು ಬಂದಾಗ ಅವರನ್ನು ಮೊದಲು ಪ್ರಶ್ನಿಸಿದವರೂ ಒಪ್ಪಿದವರೂ ಇಂಥ ಹುಡುಕಾಟದಲ್ಲಿದ್ದವರೇ ಆಗಿದ್ದರು ಎಂಬುದು ಆ ಕಾಲದ ವಿವರಗಳನ್ನು ಗಮನಿಸಿದರೆ ಸ್ಪಷ್ಟವಾಗುತ್ತದೆ.

ತೆಲುಗು ತೀರದಲ್ಲಿ ಪ್ರೊಟೆಸ್ಟೆಂಟ್ ಮಿಷನ್ನಿನ ಆರಂಭ ವಿಶಾಖಪಟ್ಟಣದಲ್ಲಿ ಆಯಿತು. ಲಂಡನ್ ಮಿಷನರಿ ಸೊಸೈಟಿಯ ಜಾರ್ಜ್ ಕ್ರಾನ್ ಮತ್ತು ಆಗಸ್ಟಸ್ ಡೆ ಗ್ರಾಂಜಸ್ 1805ರಲ್ಲಿ ಅಲ್ಲಿಗೆ ಬಂದು ಶಾಲೆ ತೆರೆದರು, ಆನಂದರಾಯರ್ ಎಂಬ ತೆಲುಗು ವಿದ್ವಾಂಸನ ನೆರವಿನಿಂದ ಸುವಾರ್ತೆಗಳನ್ನು ತೆಲುಗಿಗೆ ತರಲು ತೊಡಗಿದರು. ಅದೇ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಂದವನು; ಕನ್ನಡ ಮತ್ತು ತೆಲುಗು ನೆಲಗಳ ಶಾಲಾ ಚರಿತ್ರೆ ಹೀಗೆ ಮೊದಲಿನಿಂದಲೂ ಜೊತೆಜೊತೆಯಾಗಿ ಸಾಗಿದೆ. ಮುಂದೆ 1841ರಲ್ಲಿ ಮಚಲೀಪಟ್ಟಣಕ್ಕೆ ಬಂದ ಚರ್ಚ್ ಮಿಷನರಿ ಸೊಸೈಟಿಯ ರಾಬರ್ಟ್ ನೋಬಲ್ 1843ರಲ್ಲಿ ಅಲ್ಲಿ ಇಂಗ್ಲಿಷ್ ಶಾಲೆ ಆರಂಭಿಸಿದನು. ಅಲ್ಲಿನ ಮೊದಲ ವಿದ್ಯಾರ್ಥಿಗಳು ಮೇಲ್ಜಾತಿಯ ಮನೆಗಳಿಂದ ಬಂದವರು. ಮೇಲಿನವರು ಬದಲಾದರೆ ಅದು ಕೆಳಗೂ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ಅಂದಿನ ಅನೇಕ ಮಿಷನರಿಗಳಲ್ಲಿತ್ತು.

ನಡೆದದ್ದು ಇದಕ್ಕೆ ವಿರುದ್ಧವಾಗಿ. ಕೃಷ್ಣಾ ಜಿಲ್ಲೆಯ ರಾಘವಾಪುರದ ಮಾಲ ಹಿರಿಯ ಪಗೋಲು ವೆಂಕಯ್ಯ, ವಿಗ್ರಹಪೂಜೆಯನ್ನು ಮೊದಲೇ ಬಿಟ್ಟು ಒಬ್ಬನೇ ದೇವರನ್ನು ಹುಡುಕುತ್ತಿದ್ದವನು, ಬೆಜವಾಡದಲ್ಲಿದ್ದ ಟಿ. ವೈ. ಡಾರ್ಲಿಂಗ್ ಎಂಬ ಮಿಷನರಿಯನ್ನು ತಾನಾಗಿ ಹೋಗಿ ಕಂಡು 1859ರಲ್ಲಿ ದೀಕ್ಷಾಸ್ನಾನ ಪಡೆದನು. ಅವನ ಹಿಂದೆ ಅವನ ಬಂಧುಬಳಗವೂ ಸುತ್ತಲಿನ ಕೇರಿಗಳೂ ಬಂದವು. ದಕ್ಷಿಣದಲ್ಲಿ, ಒಂಗೋಲಿನ ಕಡೆ, ತೊಗಲಿನ ವ್ಯಾಪಾರಕ್ಕಾಗಿ ಏಲೂರಿನವರೆಗೂ ತಿರುಗುತ್ತಿದ್ದ ಯರ್ರಗುಂಟ್ಲ ಪೇರಯ್ಯ ಎಂಬ ಮಾದಿಗ ಯೋಗಸಾಧಕ 1866ರಲ್ಲಿ ಕ್ರೈಸ್ತನಾಗಿ, ತಾನು ತೊಗಲು ಕೊಳ್ಳಲು ಹೋಗುತ್ತಿದ್ದ ಊರುಗಳಲ್ಲೇ ಬೋಧಿಸಿದನು. 1876–78ರ ಮಹಾಕ್ಷಾಮದಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗವನ್ನು ಅಗೆಸುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಡಿಸಿದನು. ಅನ್ನದಾಸೆಗೆ ಮತಾಂತರವೆಂಬ ಆಪಾದನೆ ಬಾರದಿರಲೆಂದು ಕ್ಷಾಮ ಮುಗಿಯುವವರೆಗೂ ದೀಕ್ಷಾಸ್ನಾನ ಕೊಡುವುದನ್ನು ನಿಲ್ಲಿಸಿದ್ದನು. ಆ ತಡೆ ತೆಗೆದ ಮೇಲೆ 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಮಂದಿ ದೀಕ್ಷೆ ಪಡೆದರು.

ಈ ಸಾಮೂಹಿಕ ಮತಾಂತರವನ್ನು ಕೇವಲ ಪ್ರಲೋಭನೆಯೆಂದು ತಳ್ಳಿಹಾಕುವವರು ವೆಂಕಯ್ಯ ಮತ್ತು ಪೇರಯ್ಯರ ಸ್ವಂತ ಹುಡುಕಾಟವನ್ನು ಕಾಣುವುದಿಲ್ಲ. ಕೇವಲ ಆತ್ಮೋದ್ಧಾರವೆಂದು ಕೊಂಡಾಡುವವರು ಕೇರಿಯ ಮಗು ಮೊದಲ ಬಾರಿಗೆ ಬಳಪ ಹಿಡಿದುದರ ಲೌಕಿಕ ಬೆಲೆಯನ್ನು ಕಡೆಗಣಿಸುತ್ತಾರೆ. ಮಿಷನ್ ಶಾಲೆಯ ದೊಡ್ಡ ಕೊಡುಗೆಯೆಂದರೆ ಕೇರಿಯೊಳಗೇ ಓದುಬರಹ ಬಲ್ಲ ಶಿಕ್ಷಕನೊಬ್ಬ ನೆಲೆನಿಂತದ್ದು. ಅರ್ಜಿ ಬರೆದುಕೊಡಲು, ಸಾಲಪತ್ರದಲ್ಲಿ ಏನಿದೆಯೆಂದು ಓದಿ ಹೇಳಲು ಜನರಿಗೆ ತಮ್ಮವನೇ ಒಬ್ಬ ಸಿಕ್ಕಿದ್ದನು. ಹಾಗಿದ್ದೂ ಜಾತಿ ಚರ್ಚಿನ ಬಾಗಿಲಲ್ಲಿ ನಿಲ್ಲಲಿಲ್ಲ. ಮಾಲ ಮತ್ತು ಮಾದಿಗ ಕ್ರೈಸ್ತರ ನಡುವಿನ ಅಂತರ ಒಳಗೂ ಮುಂದುವರಿಯಿತು, ಅಧಿಕಾರ ಬಹುಕಾಲ ವಿದೇಶೀಯರ ಕೈಯಲ್ಲೇ ಉಳಿಯಿತು. 1912ರಲ್ಲಿ ವಿ. ಎಸ್. ಅಜರಯ್ಯ ದೋರ್ನಕಲ್‌ನ ಬಿಷಪ್ ಆದಾಗ ಆಂಗ್ಲಿಕನ್ ಸಭೆಗೆ ಮೊದಲ ಭಾರತೀಯ ಬಿಷಪ್ ದೊರೆತನು.

ಇನ್ನೊಂದು ಧಾರೆ ಬ್ರಾಹ್ಮ ಸಮಾಜದ್ದು. ಒಬ್ಬನೇ ನಿರಾಕಾರ ದೇವರನ್ನು ನಂಬಿ, ವಿಗ್ರಹವನ್ನೂ ಜಾತಿಯನ್ನೂ ತೊರೆದ ಈ ಸಮಾಜ ಬಂಗಾಳದಿಂದ ಬಂದು ತೆಲುಗು ತೀರದಲ್ಲಿ ಕಂದುಕೂರಿ ವೀರೇಶಲಿಂಗಂ ಅವರಿಂದಲೂ, ಅವರ ನಂತರ ರಘುಪತಿ ವೆಂಕಟರತ್ನಂ ನಾಯ್ಡು ಅವರಿಂದಲೂ ಬೆಳೆಯಿತು. ಮಚಲೀಪಟ್ಟಣದ ನೋಬಲ್ ಕಾಲೇಜಿನಲ್ಲಿ ಪಾಠ ಹೇಳಿದ್ದ ನಾಯ್ಡು ಕಾಕಿನಾಡದ ಪಿಠಾಪುರಂ ರಾಜಾ ಕಾಲೇಜಿನ ಪ್ರಾಂಶುಪಾಲರಾಗಿ, ಪಿಠಾಪುರದ ರಾಜರ ನೆರವಿನಿಂದ ಅನಾಥಾಲಯ ನಡೆಸಿ, ಹೆಣ್ಣುಮಕ್ಕಳನ್ನೂ ಕಾಲೇಜಿಗೆ ಸೇರಿಸಿಕೊಂಡರು.

ಕನ್ನಡ ಓದುಗರಿಗೆ ಈ ಧಾರೆಯ ಅತ್ಯಂತ ಪರಿಚಿತ ಮುಖ ಮಂಗಳೂರಿನ ಕುದ್ಮುಲ್ ರಂಗರಾಯರು. ಮದ್ರಾಸ್ ಪ್ರಾಂತಕ್ಕೇ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಬ್ರಾಹ್ಮ ಸಮಾಜ 1870ರಲ್ಲೇ ಆರಂಭವಾಗಿತ್ತು. ವಕೀಲರಾಗಿದ್ದ ಸಾರಸ್ವತ ಕುಲದ ರಂಗರಾಯರು ಅದರ ಅನುಯಾಯಿಯಾಗಿ, 1892ರಲ್ಲಿ ದಲಿತ ಮಕ್ಕಳಿಗೆಂದು ಉರ್ವ ಚಿಲಿಂಬಿಯಲ್ಲಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಕೂಲಿಗೆ ಹೋಗಬೇಕಾದ ಮಗು ಶಾಲೆಗೆ ಬಂದರೆ ಮನೆಯ ಒಪ್ಪೊತ್ತಿನ ಗಂಜಿಗೆ ಕೊರತೆಯಾಗುತ್ತದೆ ಎಂಬುದನ್ನು ಅರಿತು, ಬಂದ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಸ್ವಲ್ಪ ಕಾಸನ್ನೂ ಕೊಟ್ಟರು, ಶಾಲೆಯ ಜೊತೆ ನೇಯ್ಗೆಯಂಥ ಕಸುಬು ಕಲಿಸಿದರು, ನಿವೇಶನಗಳನ್ನು ಕೊಡಿಸಿ ಕೇರಿಗಳನ್ನು ನೆಲೆಗೊಳಿಸಿದರು. ಸ್ವಜಾತಿಯವರ ಬಹಿಷ್ಕಾರ ಅವರನ್ನು ಜೀವಮಾನವಿಡೀ ಬಾಧಿಸಿತು. 1912ರಲ್ಲಿ ಅವರ ಮಗಳು ರಾಧಾಬಾಯಿ, ಮುಂದೆ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾದ ಪಿ. ಸುಬ್ಬರಾಯನ್ ಅವರನ್ನು ಜಾತಿಯ ಗಡಿ ದಾಟಿ ಮದುವೆಯಾದರು. ಕೊನೆಗಾಲದಲ್ಲಿ ಸನ್ಯಾಸ ಸ್ವೀಕರಿಸಿದ ರಂಗರಾಯರು 1928ರ ಜನವರಿ 30ರಂದು ತೀರಿಕೊಂಡಾಗ, ಅವರ ಅಪೇಕ್ಷೆಯಂತೆ ಅಂತ್ಯಕ್ರಿಯೆಯನ್ನು ದಲಿತರೇ ನೆರವೇರಿಸಿದರು. ತನ್ನ ಶಾಲೆಯಲ್ಲಿ ಕಲಿತವರು ಅಧಿಕಾರದ ಸ್ಥಾನಕ್ಕೇರಿ ವಾಹನದಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಯ ಮೇಲೆ ಬೀಳಲಿ ಎಂಬ ಅವರ ಹಂಬಲ ಕರಾವಳಿಯಲ್ಲಿ ಇಂದಿಗೂ ಜನರ ಬಾಯಲ್ಲಿದೆ.

ರಂಗರಾಯರ ನಿಷ್ಠೆಯನ್ನು ಯಾರೂ ಪ್ರಶ್ನಿಸಲಾರರು. ಆದರೆ ಮಿಷನ್ನಿನವರೇ ಆಗಲಿ ಬ್ರಾಹ್ಮರೇ ಆಗಲಿ, ಕೊಡುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ ಎಂಬ ಏರ್ಪಾಡನ್ನು ಮೀರಲು ಸಾಧ್ಯವಾಗಲಿಲ್ಲ. ಅದನ್ನು ಮೀರುವ ಕೆಲಸ ದಲಿತ ನಾಯಕತ್ವಕ್ಕಾಗಿ ಕಾದಿತ್ತು. ಆ ನಾಯಕತ್ವ ಹೈದರಾಬಾದಿನಲ್ಲಿ ಮೂಡಿತು. 1888ರಲ್ಲಿ ಮಾಲ ಕುಟುಂಬದಲ್ಲಿ ಹುಟ್ಟಿದ ಮಾದರಿ ಭಾಗಯ್ಯ 1906ರಲ್ಲಿ ಜಗನ್ಮಿತ್ರ ಮಂಡಳಿಯನ್ನು ಕಟ್ಟಿ, ಹರಿಕಥೆಯನ್ನೇ ಪ್ರಚಾರದ ಸಾಧನವಾಗಿ ಮಾಡಿಕೊಂಡು, ಮದ್ಯಪಾನ, ಪ್ರಾಣಿಬಲಿ ಮತ್ತು ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯ ವಿರುದ್ಧ ಕೇರಿಕೇರಿಗಳಲ್ಲಿ ಮಾತಾಡಿದನು. 1910ರಿಂದ ಅವನು ತೆರೆದ ಶಾಲೆಗಳಲ್ಲಿ ತೆಲುಗು ಮಾಧ್ಯಮದಲ್ಲಿ ಪಾಠ ನಡೆಯಿತು. ಉರ್ದು ಆಡಳಿತ ಭಾಷೆಯಾಗಿದ್ದ ನಿಜಾಂ ಸಂಸ್ಥಾನದಲ್ಲಿ ಅದು ಸಣ್ಣ ಸಂಗತಿಯಲ್ಲ. ಬ್ರಾಹ್ಮ ಸಮಾಜದ ಪ್ರಭಾವಕ್ಕೆ ಒಳಗಾಗಿದ್ದ ಅವನಿಗೆ ಆರ್ಯ ಸಮಾಜ ‘ವರ್ಮ’ ಎಂಬ ಬಿರುದು ಕೊಟ್ಟಿತು; ಅವನು ಭಾಗ್ಯರೆಡ್ಡಿ ವರ್ಮ ಎಂದು ಪ್ರಸಿದ್ಧನಾದನು. ಮುಂದೆ ಬೌದ್ಧ ಧರ್ಮದತ್ತಲೂ ವಾಲಿದನು. ಒಂದು ಧರ್ಮದ ಚೌಕಟ್ಟಿಗೆ ಅವನು ಅಂಟಿಕೊಳ್ಳದಿದ್ದುದನ್ನು ಚಂಚಲತೆಯೆಂದು ಕಾಣಬೇಕಾಗಿಲ್ಲ. ತನ್ನ ಜನರಿಗೆ ಮಾನ ಸಿಗುವ ನೆಲೆಯನ್ನು ಅವನು ಎಲ್ಲ ಕಡೆಯೂ ಹುಡುಕುತ್ತಿದ್ದನು.

ಬೆಜವಾಡದ ಸಭೆಯ ಸಿದ್ಧತೆಯಲ್ಲಿ, ಗುಡಿವಾಡದಲ್ಲಿ ದಲಿತ ಮಕ್ಕಳಿಗಾಗಿ ಆಶ್ರಮ ನಡೆಸುತ್ತಿದ್ದ ಬ್ರಾಹ್ಮಣ ಸುಧಾರಕ ಗುಡೂರು ರಾಮಚಂದ್ರರಾವ್ ಅವರ ಶ್ರಮ ಇತ್ತು. ಸ್ವಾಗತ ಸಮಿತಿಯ ಅಧ್ಯಕ್ಷತೆ ದಲಿತ ಮುಖಂಡ ಸುಂದ್ರು ವೆಂಕಯ್ಯನವರದು. ಸಭಾಧ್ಯಕ್ಷತೆಗೆ ಭಾಗ್ಯರೆಡ್ಡಿ ವರ್ಮನನ್ನು ಹೈದರಾಬಾದಿನಿಂದ ಕರೆಸಲಾಯಿತು. ಪುರಾಣಗಳಲ್ಲಾಗಲಿ ಶಾಸ್ತ್ರಗಳಲ್ಲಾಗಲಿ ಪಂಚಮವೆಂಬ ವರ್ಣವಿಲ್ಲ, ಹಾಗೆ ಕರೆಸಿಕೊಳ್ಳುತ್ತಿರುವವರು ಈ ನೆಲದ ಮೊದಲ ಮಕ್ಕಳು, ಒಂದು ಕಾಲಕ್ಕೆ ಅದನ್ನು ಆಳಿದವರು ಎಂಬುದು ಅವನ ಭಾಷಣದ ತಿರುಳು. ಪ್ರತಿನಿಧಿಗಳು ಅದನ್ನು ಒಪ್ಪಿ ಸಭೆಯನ್ನು ಆದಿ ಆಂಧ್ರ ಮಹಾಜನ ಸಭೆಯಾಗಿ ಮಾರ್ಪಡಿಸಿದರು, ಶಾಲೆ ಮತ್ತು ಬಾವಿಗಳಿಗಾಗಿ, ಸ್ಥಳೀಯ ಮಂಡಳಿಗಳಲ್ಲಿ ಹಾಗೂ ಶಾಸನಸಭೆಯಲ್ಲಿ ಪ್ರಾತಿನಿಧ್ಯಕ್ಕಾಗಿ ನಿರ್ಣಯ ಕೈಗೊಂಡರು. ಊರ ಹೊರಗಿನವರೆನಿಸಿಕೊಂಡಿದ್ದವರು ಊರ ನಡುವೆ ಮೂರು ದಿನ ಕುಳಿತು ತಮ್ಮ ಬೇಡಿಕೆಗಳನ್ನು ಓದಿದರು. ಅದೇ ಮೂರು ದಿನ, ಇವರೆಲ್ಲಿ ಒಳಗೆ ಬಂದುಬಿಡುತ್ತಾರೋ ಎಂಬ ಅಂಜಿಕೆಯಿಂದ, ಇಂದ್ರಕೀಲಾದ್ರಿಯ ಕನಕದುರ್ಗೆಯ ಗುಡಿಯನ್ನು ಮುಚ್ಚಲಾಗಿತ್ತು. ದೇಗುಲ ಪ್ರವೇಶದ ಬೇಡಿಕೆ ಚಳವಳಿಯಾಗುವುದಕ್ಕೆ ಎಷ್ಟೋ ಮುಂಚೆ, ಬರೀ ಸಭೆ ಸೇರಿದ್ದಕ್ಕೇ ಬಾಗಿಲು ಹಾಕಿಕೊಂಡದ್ದು ಮೇಲ್ಜಾತಿಯ ಅಳುಕು ಎಷ್ಟು ಆಳವಾಗಿತ್ತು ಎಂಬುದನ್ನು ತೋರಿಸುತ್ತದೆ. ಕಾನೂನು ಆ ಬಾಗಿಲುಗಳನ್ನು ಎಲ್ಲೆಡೆ ತೆರೆಸಲು ಮದ್ರಾಸ್ ಪ್ರಾಂತದ 1947ರ ದೇವಾಲಯ ಪ್ರವೇಶ ಶಾಸನದವರೆಗೂ ಕಾಯಬೇಕಾಯಿತು.

ಹೆಸರಿನ ಹೋರಾಟ ಬೇಗ ಫಲ ಕೊಟ್ಟಿತು. ಮದ್ರಾಸ್ ಶಾಸನಸಭೆಯಲ್ಲಿ ದಲಿತ ನಾಯಕ ಎಂ. ಸಿ. ರಾಜಾ ಮಂಡಿಸಿದ ನಿರ್ಣಯದ ಮೇರೆಗೆ 1922ರಲ್ಲಿ ಸರಕಾರ ಪಂಚಮ, ಪರಯ ಎಂಬ ಪದಗಳನ್ನು ಕಡತದಿಂದ ಕೈಬಿಟ್ಟು, ಆದಿ ದ್ರಾವಿಡ, ಆದಿ ಆಂಧ್ರ ಎಂಬ ಹೆಸರುಗಳನ್ನು ಅಂಗೀಕರಿಸಿತು. ಅದೇ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಆದಿ ಕರ್ನಾಟಕ ಎಂಬ ಹೆಸರು ಬಳಕೆಗೆ ಬಂದಿತು. ಇಂದಿನ ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿ ಆದಿ ಆಂಧ್ರ, ಆದಿ ದ್ರಾವಿಡ, ಆದಿ ಕರ್ನಾಟಕ ಎಂಬ ಈ ಮೂರು ಹೆಸರುಗಳಿಂದಲೇ ಆರಂಭವಾಗುತ್ತದೆ. ಮಾಲ ಮತ್ತು ಮಾದಿಗರನ್ನು, ಬಲಗೈ ಮತ್ತು ಎಡಗೈಗಳನ್ನು ಒಂದೇ ಹೆಸರಿನಡಿ ತರುವ ಆಶಯ ಅವುಗಳಲ್ಲಿತ್ತು. ಆದರೆ ಮುಂದೆ ಪರಿಶಿಷ್ಟ ಜಾತಿಗಳೊಳಗಿನ ಒಳಮೀಸಲಾತಿಯ ಪ್ರಶ್ನೆ ಬಂದಾಗ, ಈ ಹೆಸರುಗಳ ಹಿಂದೆ ಯಾವ ಮೂಲ ಜಾತಿಯಿದೆ ಎಂದು ತಿಳಿಯದೆ ತೊಡಕಾಯಿತು, ಮತ್ತು 2025ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಈ ಮೂರನ್ನೂ ಪ್ರತ್ಯೇಕ ಗುಂಪಿನಲ್ಲಿ ಇಡಬೇಕಾಯಿತು.

ಶಾಲೆಯ ವಿಷಯದಲ್ಲಿ ಎರಡು ನಾಡುಗಳನ್ನು ಬೆಸೆದ ಹೆಸರು ಕಟ್ಟಮಂಚಿ ರಾಮಲಿಂಗಾರೆಡ್ಡಿಯವರದು. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಾಧಿಕಾರಿಯಾಗಿ ಅವರು ದಲಿತ ಮಕ್ಕಳಿಗೆ ಸರಕಾರಿ ಶಾಲೆಗಳನ್ನು ತೆರೆಯುವುದರ ಪರವಾಗಿ ನಿಂತವರು. 1926ರಲ್ಲಿ ಬೆಜವಾಡದಲ್ಲಿ ಆರಂಭವಾಗಿ 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಹೋದ ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಅವರೇ. ಇನ್ನು ವಿಜಯವಾಡದ ಚರಿತ್ರೆ ಬರೆಯುವಾಗ, ದೇವರನ್ನೇ ನಂಬದೆ ಜಾತಿಯ ಗಡಿ ಅಳಿಸುವ ಇದೇ ಕೆಲಸ ಮಾಡಿದ ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್ ಅವರನ್ನು ಬಿಡುವಂತಿಲ್ಲ. 1940ರಲ್ಲಿ ಮುದುನೂರಿನಲ್ಲಿ ಸ್ಥಾಪಿಸಿದ ನಾಸ್ತಿಕ ಕೇಂದ್ರವನ್ನು 1947ರಲ್ಲಿ ವಿಜಯವಾಡಕ್ಕೆ ತಂದ ಅವರು ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಲು ನಿಶ್ಚಯಿಸಿದಾಗ ಗಾಂಧೀಜಿ ಅದಕ್ಕೆ ಸಮ್ಮತಿಸಿದ್ದರು.

ಪಗೋಲು ವೆಂಕಯ್ಯನ ಹಾದಿ ಹಿಡಿದು ಕ್ರೈಸ್ತರಾದವರ ವಂಶಸ್ಥರ ಪಾಲಿಗೆ ಈ ಚರಿತ್ರೆ ಇನ್ನೂ ನ್ಯಾಯಾಲಯದ ಕಟ್ಟೆಯಲ್ಲಿದೆ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಆಂಧ್ರದಲ್ಲಿ ದಲಿತ ಕ್ರೈಸ್ತರನ್ನು ಹಿಂದುಳಿದ ವರ್ಗಗಳ ‘ಸಿ’ ಗುಂಪಿಗೆ ಸೇರಿಸಿ ಶೇಕಡಾ 1ರಷ್ಟು ಮೀಸಲಾತಿ ಕೊಡಲಾಗಿದೆ. ಜಾತಿಯ ಕಾರಣಕ್ಕೆ ಅವಮಾನ ಅನುಭವಿಸಿದವರಿಗೆ ಮತ ಬದಲಿಸಿದೊಡನೆ ಆ ಅವಮಾನ ಅಳಿಯುತ್ತದೆ ಎಂಬ ಈ ಕಾನೂನಿನ ಊಹೆಯನ್ನು ಕೃಷ್ಣಾ ತೀರದ ಕೇರಿಗಳ ಅನುಭವ ಒಪ್ಪುವುದಿಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರಕಾರ 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. 2023ರ ಮಾರ್ಚ್‌ನಲ್ಲಿ ಆಂಧ್ರ ಪ್ರದೇಶದ ವಿಧಾನಸಭೆ, ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಕೊಡಬೇಕೆಂದು ಕೇಂದ್ರವನ್ನು ಕೋರುವ ನಿರ್ಣಯವನ್ನು ಅಂಗೀಕರಿಸಿತು.