ಗುಂಡಿಯ ಫೋಟೋದಿಂದ ಬಜೆಟ್ಟಿನವರೆಗೆ: ಸ್ಥಳೀಯ ಆಡಳಿತದಲ್ಲಿ ಡಿಜಿಟಲ್ ಪಾಲ್ಗೊಳ್ಳುವಿಕೆ

ಊರಿನ ಆಡಳಿತದಲ್ಲಿ ಜನರ ಪಾಲು ಎಷ್ಟಿರಬೇಕು ಎಂಬ ಪ್ರಶ್ನೆ ಇಂಟರ್ನೆಟ್ಟಿಗಿಂತ ಹಳೆಯದು. ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲೇ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದ್ದರು. ತಳದ ಮೆಟ್ಟಿಲುಗಳಲ್ಲಿ ನಡೆಯುವುದು ಜನರ ಕಣ್ಣೊರೆಸುವ ಕೆಲಸ. ನಡುವೆ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು. ತುದಿಯಲ್ಲಿ ಮಾತ್ರ ಅಧಿಕಾರ ಜನರ ಕೈಗೆ ಬರುತ್ತದೆ. ಬ್ರೆಜಿಲ್‌ನ ಪೋರ್ತು ಅಲೆಗ್ರಿ ನಗರ 1989ರಲ್ಲಿ ಆ ಮೇಲಿನ ಮೆಟ್ಟಿಲುಗಳತ್ತ ಕಾಲಿಟ್ಟಿತು. ರಸ್ತೆ, ಚರಂಡಿಗಳಿಗೆ ಹಣ ಎಲ್ಲಿ ಮೊದಲು ಹೋಗಬೇಕೆಂಬುದನ್ನು ಬಡಾವಣೆಗಳ ಸಭೆಗಳು ಚರ್ಚಿಸಿ ಹೇಳತೊಡಗಿದವು. ಅಲ್ಲಿ ಆಗ ಕಂಪ್ಯೂಟರಿನ ಮಾತೇ ಇರಲಿಲ್ಲ.

ಇಂಥ ಪ್ರಯತ್ನಗಳನ್ನು ಅಳೆಯುವ ಕೋಲು ಹಾರ್ವರ್ಡ್‌ನ ಮಾರ್ಕ್ ಮೂರ್ ಅವರಿಂದ ಬಂತು. 1995ರ ತಮ್ಮ ಪುಸ್ತಕದಲ್ಲಿ ಅವರು ‘ಸಾರ್ವಜನಿಕ ಮೌಲ್ಯ’ದ ಪರಿಕಲ್ಪನೆಯನ್ನು ಮುಂದಿಟ್ಟರು. ವ್ಯಾಪಾರಿಗೆ ಲಾಭವಿದ್ದಂತೆ ಸರ್ಕಾರಿ ಸಂಸ್ಥೆಗೆ ಈ ಮೌಲ್ಯ. ಅದು ಹುಟ್ಟಬೇಕಾದರೆ ಜನರಿಗೆ ಬೇಕಾದ ಗುರಿ, ಅದಕ್ಕೆ ಅವರ ಒಪ್ಪಿಗೆ, ಮಾಡಿ ತೋರಿಸುವ ಸಾಮರ್ಥ್ಯ ಮೂರೂ ಕೂಡಿಬರಬೇಕು. ಡಿಜಿಟಲ್ ಸಾಧನಗಳಲ್ಲಿ ಹೆಚ್ಚಿನವು ಸೋತದ್ದು ಮೂರನೆಯದರಲ್ಲಿ.

ಮೊದಲ ಹಂತದ ಸಾಧನಗಳು ದೂರಿನವು. ಬಾಲ್ಟಿಮೋರ್ ನಗರ 1996ರಲ್ಲಿ ತುರ್ತಲ್ಲದ ಅಹವಾಲುಗಳಿಗೆ 311 ಸಂಖ್ಯೆಯನ್ನು ಮೀಸಲಿಟ್ಟಿತು. ಬ್ರಿಟನ್ನಿನಲ್ಲಿ 2007ರಲ್ಲಿ ಬಂದ ಫಿಕ್ಸ್‌ಮೈಸ್ಟ್ರೀಟ್ ಜಾಲತಾಣ ಒಂದು ಹೆಜ್ಜೆ ಮುಂದೆ ಹೋಯಿತು. ನಕ್ಷೆಯ ಮೇಲೆ ಗುಂಡಿಯ ಜಾಗ ಗುರುತಿಸಿದರೆ ಸಾಕು, ಅದು ಯಾವ ಕೌನ್ಸಿಲಿಗೆ ಸೇರಿದ್ದೆಂದು ತಂತ್ರಾಂಶವೇ ಹುಡುಕಿ ದೂರು ಕಳಿಸುತ್ತಿತ್ತು. ದೂರು ಎಲ್ಲರ ಕಣ್ಣಿಗೂ ಬೀಳುವಂತಿದ್ದುದು ಇನ್ನೂ ದೊಡ್ಡ ಬದಲಾವಣೆ. ಕಡತದೊಳಗೆ ಹೂತುಹೋಗುತ್ತಿದ್ದ ಅರ್ಜಿ ಬೀದಿಗೆ ಬಂದಂತಾಯಿತು.

ದೂರಿನಿಂದ ತೀರ್ಮಾನದ ಕಡೆಗೆ ಹೊರಳಿದ್ದು 2008ರ ಆರ್ಥಿಕ ಕುಸಿತದ ನಂತರ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ 2010ರಲ್ಲಿ ಜನರ ಸಲಹೆಗಳಿಗೆ ಒಂದು ಆನ್‌ಲೈನ್ ವೇದಿಕೆ ಬಂತು. ಅಲ್ಲಿ ಪರ ಮತ್ತು ವಿರೋಧದ ವಾದಗಳನ್ನು ಎದುರುಬದುರು ಜೋಡಿಸಿ, ಬೈದಾಟಕ್ಕೆ ಎಡೆ ತಗ್ಗಿಸಿದರು. ಮ್ಯಾಡ್ರಿಡ್‌ನ ‘ಡಿಸೈಡ್ ಮ್ಯಾಡ್ರಿಡ್’ 2015ರಲ್ಲಿ ಶುರುವಾಯಿತು. 16 ವರ್ಷ ದಾಟಿದ ನಿವಾಸಿಗಳಲ್ಲಿ ಶೇ. 1ರಷ್ಟು, ಎಂದರೆ ಸುಮಾರು 27 ಸಾವಿರ ಮಂದಿ ಬೆಂಬಲಿಸಿದ ಸಲಹೆ ಮತಕ್ಕೆ ಹೋಗಬೇಕೆಂಬ ನಿಯಮವಿತ್ತು. ಸಾವಿರಾರು ಸಲಹೆಗಳು ಬಂದು ಬೆಂಬಲ ಹರಿದು ಹಂಚಿಹೋಯಿತು. 2017ರ ಮತದಾನದ ಹೊತ್ತಿಗೆ ಗಡಿ ದಾಟಿದ್ದವು ಎರಡೇ. ಅದೇ ವೇದಿಕೆಯ ಬಜೆಟ್ ವಿಭಾಗ ಇದಕ್ಕಿಂತ ಫಲ ಕೊಟ್ಟಿತು. ಅಲ್ಲಿ ಖರ್ಚಿಗೆಂದು ಹಣ ಮೊದಲೇ ತೆಗೆದಿಟ್ಟಿದ್ದರು. ಬಾರ್ಸಿಲೋನಾ 2016ರಲ್ಲಿ ಡಿಸಿಡಿಮ್ ಎಂಬ ವೇದಿಕೆ ಆರಂಭಿಸಿದಾಗ ಬಡಾವಣೆಯ ಸಭೆಗಳನ್ನು ಕೈಬಿಡಲಿಲ್ಲ. ಅಲ್ಲಿ ಬಂದ ಮಾತುಗಳನ್ನೂ ಅದೇ ವೇದಿಕೆಗೆ ಏರಿಸಿದರು.

ಭಾರತದಲ್ಲಿ 1992ರ ಸಂವಿಧಾನದ 74ನೇ ತಿದ್ದುಪಡಿ 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ವಿಧಿಸಿತು. ಸಮಿತಿಗಳು ತೆವಳುತ್ತಿದ್ದಾಗ ಆ್ಯಪ್‌ಗಳು ಓಡಿದವು. ಬೆಂಗಳೂರಿನ ಜನಾಗ್ರಹ ಸಂಸ್ಥೆ 2012ರಲ್ಲಿ ‘ಐ ಚೇಂಜ್ ಮೈ ಸಿಟಿ’ಯನ್ನು ತಂದಿತು, ಕಸದ ದೂರಿಗೆ ಕೇಂದ್ರದ ಸ್ವಚ್ಛತಾ ಆ್ಯಪ್ 2016ರಲ್ಲಿ ಬಂತು. ಆದರೆ ಬೆಂಗಳೂರಿನ ಒಂದೇ ರಸ್ತೆಗೆ ಒಡೆಯರು ಹಲವರು. ಡಾಂಬರು ಪಾಲಿಕೆಯದು, ಅದನ್ನು ಅಗೆಯುವುದು ಜಲಮಂಡಳಿ, ವಿದ್ಯುತ್ ಕಂಬ ಬೆಸ್ಕಾಮಿನದು. ಫೋಟೋ ಒಂದು ಇಲಾಖೆಗೆ ತಲುಪಿದರೆ ಕೆಲಸ ಇನ್ನೊಂದರ ಬಾಗಿಲಲ್ಲಿ ನಿಂತಿರುತ್ತದೆ. ಹಿಂದೆ ಇದನ್ನು ಹಿಡಿದು ಕೇಳಲು ಕಾರ್ಪೊರೇಟರ್ ಇದ್ದರು. 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿಯಿತು; 2025ರಲ್ಲಿ ನಗರ ಐದು ಪಾಲಿಕೆಗಳಾಗುವವರೆಗೂ ಚುನಾವಣೆ ನಡೆಯಲಿಲ್ಲ. ಆ ಐದು ವರ್ಷ ದೂರು ಕೊಡಲು ಜಾಗವಿತ್ತು, ಬಜೆಟ್ ಬಗ್ಗೆ ಮಾತಾಡಲು ವಾರ್ಡಿನ ಚುನಾಯಿತ ಪ್ರತಿನಿಧಿ ಇರಲಿಲ್ಲ. ಆರ್ನ್‌ಸ್ಟೈನ್‌ರ ಏಣಿಯಲ್ಲಿ ಇದು ನಡುಮೆಟ್ಟಿಲನ್ನೂ ದಾಟದ ಸ್ಥಿತಿ.

ದೂರುಗಳ ಎಣಿಕೆಯೂ ಮೋಸ ಮಾಡಬಲ್ಲದು. ಹೆಚ್ಚು ದೂರು ಬಂದ ವಾರ್ಡೇ ಹೆಚ್ಚು ಕೆಟ್ಟಿದೆ ಎನ್ನಲಾಗದು. ಅಲ್ಲಿ ಅಪಾರ್ಟ್‌ಮೆಂಟ್ ಸಂಘಗಳು ಚುರುಕಾಗಿರಬಹುದು. ಸ್ಮಾರ್ಟ್‌ಫೋನೂ ಬಿಡುವೂ ಇಲ್ಲದ ಕೊಳೆಗೇರಿಯ ತುಂಬಿದ ಚರಂಡಿ ನಕ್ಷೆಯಲ್ಲಿ ಕಾಣುವುದೇ ಇಲ್ಲ. ಎಣಿಕೆ ನೋಡಿ ಹಣ ಹಂಚಿದರೆ ಅದು ಅನುಕೂಲಸ್ಥರ ಕಡೆಗೇ ವಾಲುತ್ತದೆ.

ಹಳ್ಳಿಯ ದಾರಿ ಬೇರೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಗ್ರಾಮಸಭೆ ಇಂದಿಗೂ ಜನ ಮುಖಾಮುಖಿ ಕೂತು ಮಾತಾಡಬೇಕಾದ ಸಭೆ. ಫಲಾನುಭವಿಗಳ ಪಟ್ಟಿಯ ಮೇಲೆ ಜಗಳ ನಡೆಯುವುದು ಅಲ್ಲೇ. 2020ರಲ್ಲಿ ಬಂದ ಇ-ಗ್ರಾಮಸ್ವರಾಜ್ ಜಾಲತಾಣ ಆ ಸಭೆಯ ಜಾಗಕ್ಕೆ ಬಂದದ್ದಲ್ಲ. ಪಂಚಾಯತಿಯ ಯೋಜನೆ ಯಾವುದು, ಖರ್ಚಾದದ್ದೆಷ್ಟು ಎಂಬುದನ್ನು ಯಾರು ಬೇಕಾದರೂ ಅದರಲ್ಲಿ ತೆರೆದು ನೋಡಬಹುದು, ಮುಂದಿನ ಸಭೆಗೆ ಆ ಲೆಕ್ಕವನ್ನು ಕೈಯಲ್ಲಿ ಹಿಡಿದು ಹೋಗಬಹುದು.