ದಂಡಿನವರು ತೆಗೆದ ಚಿತ್ರಗಳು: ಕನ್ನಡ ನಾಡಿನ ಬಸದಿ-ದೇಗುಲಗಳ ಮೊದಲ ಛಾಯಾಚಿತ್ರಗಳು

ನಮ್ಮ ನಾಡಿನ ಬಸದಿಗಳ ಇತಿಹಾಸವನ್ನು ಅರಿಯಲು ಶಾಸನಗಳೇ ಮೊದಲ ಆಧಾರ. ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು ಕ್ರಿ.ಶ. 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದಳೆಂಬುದೂ, ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪದೇವನು ಕಟ್ಟಿಸಿದನೆಂಬುದೂ ಶಾಸನಗಳಿಂದಲೇ ತಿಳಿದುಬಂದಿವೆ. ಆದರೆ ಕಟ್ಟಿದ ತರುವಾಯ ಶತಮಾನಗಳು ಉರುಳಿದಂತೆ ಆ ಕಟ್ಟಡಗಳ ಸ್ಥಿತಿ ಹೇಗಿತ್ತು, ಯಾವ ಭಾಗ ಉಳಿದಿತ್ತು, ಯಾವುದು ಬಿದ್ದಿತ್ತು ಎಂಬುದನ್ನು ಶಾಸನಗಳು ಹೇಳವು. ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವ ಆಧಾರವೆಂದರೆ ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರಗಳು. ಅವುಗಳಲ್ಲಿ ಮೊದಮೊದಲಿನವುಗಳನ್ನು ತೆಗೆದವರಲ್ಲಿ ಹೆಚ್ಚಿನವರು ಕಂಪನಿ ಸರಕಾರದ ದಂಡಿನ ಅಧಿಕಾರಿಗಳು ಮತ್ತು ವೈದ್ಯರು ಎಂಬುದು ಗಮನಾರ್ಹ.

ಛಾಯಾಗ್ರಹಣ ವಿದ್ಯೆ 1839ರಲ್ಲಿ ಯೂರೋಪಿನಲ್ಲಿ ಪ್ರಕಟವಾಯಿತು. ಅದಾಗಿ ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದು ಕನ್ನಡ ನಾಡಿನ ದೇಗುಲಗಳ ಬಾಗಿಲಿಗೆ ಬಂದಿತ್ತು. ಮದರಾಸು ದಂಡಿನ ಅಧಿಕಾರಿ ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಚಿತ್ರಗಳನ್ನು ತೆಗೆದನು. 1855ರ ಮದರಾಸು ಪ್ರದರ್ಶನದಲ್ಲಿ ಅವನು ದೇಗುಲಗಳ 68 ಚಿತ್ರಗಳನ್ನು ಇಟ್ಟನು. ಅದೇ ವರ್ಷ ಮುಂಬಯಿ ಸರಕಾರವು ಫಿರಂಗಿ ದಳದ ಕಪ್ತಾನ ಥಾಮಸ್ ಬಿಗ್ಸ್‌ನನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆ ಮೊದಲಾದ ಸ್ಥಳಗಳ ಚಿತ್ರ ತೆಗೆಯುತ್ತಿದ್ದ ಅವನನ್ನು ಆ ವರ್ಷಾಂತ್ಯದಲ್ಲೇ ದಂಡಿನ ಕೆಲಸಕ್ಕೆ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಅವನ ಕಾರ್ಯವನ್ನು ವೈದ್ಯ ಪಿಗೌ ಮುಂದುವರಿಸಿದನು. 1858ರಲ್ಲಿ ಪಿಗೌ ತೀರಿಕೊಂಡನು. ನೀಲ್ ಎಂಬ ಇನ್ನೊಬ್ಬ ವೈದ್ಯನೂ ಮೈಸೂರು ಸೀಮೆಯ ದೇಗುಲಗಳ ಚಿತ್ರಗಳನ್ನು ತೆಗೆದನು. ಕಪ್ತಾನ ಓಕ್ಲಿಯು ಹಳೇಬೀಡಿನ ದೇಗುಲದ 56 ಚಿತ್ರಗಳನ್ನು 1859ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು.

ಈ ಚಿತ್ರಗಳಲ್ಲಿ ಹಲವು 1866ರಲ್ಲಿ ಲಂಡನ್ನಿನಿಂದ ಹೊರಬಂದ ಧಾರವಾಡ-ಮೈಸೂರು ವಾಸ್ತುಶಿಲ್ಪದ ಬೃಹತ್ ಸಂಪುಟದಲ್ಲಿ ಸೇರಿದವು. ಅದಕ್ಕೆ ಚರಿತ್ರೆಯನ್ನು ಮೆಡೋಸ್ ಟೇಲರನೂ, ವಾಸ್ತುವಿವರಣೆಯನ್ನು ಜೇಮ್ಸ್ ಫರ್ಗುಸನ್ನನೂ ಬರೆದರು. ಇದೇ ಗ್ರಂಥಮಾಲೆಯ ಅಹಮದಾಬಾದ್ ಸಂಪುಟಕ್ಕೆ ಧನಸಹಾಯ ಮಾಡಿದವರು ಮುಂಬಯಿಯ ಜೈನ ವರ್ತಕರಾದ ಪ್ರೇಮಚಂದ ರಾಯಚಂದರು ಎಂಬುದು ನಮ್ಮ ಸಮಾಜ ಸ್ಮರಿಸತಕ್ಕ ಸಂಗತಿ. ಫರ್ಗುಸನ್ನನು ಇಂಥ ಚಿತ್ರಗಳ ನೆರವಿನಿಂದಲೂ ಭಾರತೀಯ ವಾಸ್ತುವನ್ನು ಅಭ್ಯಸಿಸಿದನು. 1876ರ ತನ್ನ ಗ್ರಂಥದಲ್ಲಿ ಹಳೇಬೀಡಿನ ದೇಗುಲವನ್ನು ಗ್ರೀಸಿನ ಪಾರ್ಥೆನಾನಿನೊಡನೆ ತೂಗಿ ನೋಡಿದನು.

ಆ ದಿನಗಳಲ್ಲಿ ಚಿತ್ರ ತೆಗೆಯುವುದು ಸುಲಭದ ಕೆಲಸವಾಗಿರಲಿಲ್ಲ. ಭಾರವಾದ ಮರದ ಪೆಟ್ಟಿಗೆ, ಮೂರು ಕಾಲಿನ ಪೀಠ, ರಾಸಾಯನಿಕಗಳು ಎಲ್ಲವನ್ನೂ ಜೊತೆಯಲ್ಲೇ ಸಾಗಿಸಬೇಕಿತ್ತು. ಬೆಳ್ಳಿಯ ಲವಣಗಳಲ್ಲಿ ಹದಮಾಡಿದ ಕಾಗದದ ಮೇಲೆ ಬಿಂಬ ಮೂಡಲು ಬಹಳ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಎದುರಿನ ವಸ್ತು ನಿಶ್ಚಲವಾಗಿರಬೇಕು. ಕಲ್ಲು ನಿಶ್ಚಲ, ಜನಜೀವನ ಹಾಗಲ್ಲ. ಆದ್ದರಿಂದ ಆ ಚಿತ್ರಗಳಲ್ಲಿ ಊರಿನ ಓಡಾಟ ಕಾಣಸಿಗುವುದು ವಿರಳ. ನಡೆದುಹೋದವರು ಚಿತ್ರದಲ್ಲಿ ಮೂಡಲೇ ಇಲ್ಲ, ಇಲ್ಲವೆ ಮಂಜಿನಂತೆ ಮಸುಕಾದರು. ಕಂಬದ ಎತ್ತರ ತಿಳಿಯಲೆಂದು ಅದರ ಪಕ್ಕದಲ್ಲಿ ಅಲುಗಾಡದೆ ನಿಂತವರು ಮಾತ್ರ ಉಳಿದರು. ಚಿತ್ರ ತೆಗೆದವನ ಹೆಸರು ಪುಸ್ತಕದಲ್ಲಿ ಸೇರಿತು. ಹಾಗೆ ನಿಂತ ಊರಿನವರ ಹೆಸರನ್ನು ಬರೆದಿಡುವ ರೂಢಿ ಇರಲಿಲ್ಲ.

ಇಂಥ ಚಿತ್ರಗಳ ಬೆಲೆ ಏನೆಂಬುದಕ್ಕೆ ಹಂಪೆಯ ಒಂದು ನಿದರ್ಶನ ಸಾಕು. ಮದರಾಸು ದಂಡಿನ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಹಚ್ಚಿದ ದೊಡ್ಡ ಕಾಗದಗಳ ಮೇಲೆ ಹಂಪೆಯ ಅವಶೇಷಗಳನ್ನು ಸೆರೆಹಿಡಿದನು. ಅವನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ರಥವಿದೆ, ಶಿಖರವಿಲ್ಲ. ಆ ಚಿತ್ರ ಉಳಿಯದಿದ್ದಲ್ಲಿ, ಈಗ ಕಾಣುವುದೇ ರಥದ ಪೂರ್ಣ ರೂಪವೆಂದು ನಂಬುವವರೇ ಹೆಚ್ಚಾಗುತ್ತಿದ್ದರು. ಗ್ರೀನ್‌ಲಾನ ಈ ಕಾಗದಗಳು ಬಹುಕಾಲ ಮರೆಯಾಗಿದ್ದು 1980ರಲ್ಲಿ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕರು ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಜೊತೆಗಿಟ್ಟು ನೋಡಿದಾಗ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಹೋಯಿತು, ಏನು ಉಳಿಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಇದರಲ್ಲಿ ನಮ್ಮ ಬಸದಿಗಳಿಗೂ ಒಂದು ಪಾಠವಿದೆ. ಜೀರ್ಣೋದ್ಧಾರವು ಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಿಥಿಲವಾದ ಗೋಡೆ ಇಳಿಸಿ ಹೊಸ ಗೋಡೆ ಎತ್ತಿದಾಗ, ಹಳೆಯ ಕಂಬಕ್ಕೆ ಸುಣ್ಣ-ಬಣ್ಣ ಬಳಿದಾಗ, ಹಿಂದಿನವರು ಕಂಡ ರೂಪ ಒಂದೇ ದಿನದಲ್ಲಿ ಮರೆಯಾಗುತ್ತದೆ. ಮುಂದಿನ ಪೀಳಿಗೆಗೆ ಅದನ್ನು ಹೇಳುವವರು ಯಾರು? ಆದಕಾರಣ ಒಂದು ಕಲ್ಲನ್ನು ಸರಿಸುವ ಮುನ್ನವೇ ಗರ್ಭಗೃಹದ ಬಾಗಿಲುವಾಡ, ನವರಂಗದ ಕಂಬಗಳು, ಮಾನಸ್ತಂಭ, ಅಂಗಳದ ಶಾಸನ, ಇವೆಲ್ಲವುಗಳ ಚಿತ್ರ ತೆಗೆದು, ದಿನಾಂಕವನ್ನೂ ದಿಕ್ಕನ್ನೂ ಬರೆದಿಡುವುದು ಜೀರ್ಣೋದ್ಧಾರದ ಮೊದಲ ಅಂಗವಾಗಬೇಕು.

ಶ್ರಾವಕರ ಮನೆಗಳ ಪೆಟ್ಟಿಗೆಗಳಲ್ಲಿಯೂ ಹಳೆಯ ಚಿತ್ರಗಳು ಇರಬಹುದು: ರಥೋತ್ಸವದ ಜನಸಂದಣಿ, ದಂಡಿನ ಉಡುಪಿನಲ್ಲಿ ನಿಂತ ಹಿರಿಯರು, ಬಸದಿಯ ಜಗಲಿಯಲ್ಲಿ ಕುಳಿತ ಅಜ್ಜ-ಅಜ್ಜಿಯರು. ಗೆದ್ದಲಿಗೂ ತೇವಕ್ಕೂ ತುತ್ತಾಗುವ ಮೊದಲೇ ಅವನ್ನು ಹೊರತೆಗೆದು, ಮನೆಯ ವೃದ್ಧರನ್ನು ಕೇಳಿ, ಚಿತ್ರದಲ್ಲಿರುವ ಪ್ರತಿಯೊಬ್ಬರ ಹೆಸರನ್ನು ಹಿಂಬದಿಯಲ್ಲಿ ಬರೆಯತಕ್ಕದ್ದು. ಕಂಬದ ಪಕ್ಕದಲ್ಲಿ ನಿಂತ ಅಂದಿನವರ ಹೆಸರು ದಂಡಿನವರ ಪುಸ್ತಕಗಳಿಗೆ ಬೇಕಾಗಲಿಲ್ಲ. ನಮ್ಮವರ ಹೆಸರು ನಮಗೆ ಬೇಕು. ಅದನ್ನು ಹೇಳಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.